ಐದು ಗೆರೆಯ ನಳಿಗೆ

ಆಪರೇಷನ್ ಥಿಯೇಟರಿನ ಬಾಗಿಲು ತೆರೆದ ಕೂಡಲೇ ಮೊದಲು ಎದ್ದು ನಿಂತವಳು ಸೌಂದರ್ಯಾ.

ಒಳಗೆ ಮಲಗಿದ್ದವನು ಅವಳ ಗಂಡನಲ್ಲ, ಬಂಧುವೂ ಅಲ್ಲ. ಶೂಟಿಂಗ್ ಕ್ಲಬ್ಬಿನಲ್ಲಿ ಟಾರ್ಗೆಟ್ ಬದಲಿಸುವ ಶರೀಫ್. ಅವಳ ಗಂಡ ಕಲ್ಮೇಶ ಕೈಯಾರೆ ಕಟ್ಟಿದ ರೈಫಲ್ಲಿನ ಗುಂಡು ತಿಂದವನು ಎಂದು ಪೊಲೀಸರು ನಂಬಿಕೊಂಡಿದ್ದವನು. ಗುಂಡು ತಾಗಿ ವಾರವಾದರೂ ಎಚ್ಚರವಿರಲಿಲ್ಲ; ಜೀವ ತುಸು ಗಟ್ಟಿಯಾಗಲೆಂದು ಡಾಕ್ಟರು ಗುಂಡು ತೆಗೆಯದೆ ಕಾದಿದ್ದರು. ಅವನ ಉಸಿರು ನಿಂತರೆ ಕಲ್ಮೇಶನ ಗತಿ ಏನಾಗುತ್ತದೆಂದು ಸೌಂದರ್ಯಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಸಿರು ಟೋಪಿ ಕಳಚುತ್ತ ಹೊರಬಂದ ಈಜಿಪ್ಟಿನ ಸರ್ಜನ್ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ, ಮೂರನೆಯದಕ್ಕೆ ನಕ್ಕುಬಿಟ್ಟ.

"ಏನಂತಾರ್ರೀ ಅಕ್ಕಾರ?"

ಸ್ವರ್ಣಲತಾ ಅವಳ ಕೈ ಹಿಡಿದುಕೊಂಡಳು. "ಗುಂಡು ತೆಗೆದಾಯಿತಂತೆ. ಜೀವಕ್ಕೆ ಎಂತ ಅಪಾಯವೂ ಇಲ್ಲ. ನಾಳೆ ಸರಿಯಾಗಿ ಎಚ್ಚರ ಆಗ್ತದೆ, ಮಾತಾಡ್ತಾನೆ ಅಂದ್ರು."

ಸೌಂದರ್ಯಾ ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು ಅವಳು ಕೇಳಿದ್ದು ಗಂಡನ ವಿಚಾರವನ್ನಲ್ಲ.

"ಅವ್ರ ತಾಯಿಗೆ ಫೋನ್ ಹಚ್ರೀ ಮೊದ್ಲ. ಊರಾಗ ಆ ಮುದುಕಿ ಹೆಂಗ ಕುಂತಾಳೋ ಏನೋ."

ಬಂಟ್ವಾಳದ ಮನೆಯಲ್ಲಿ ಫೋನೆತ್ತಿದ ಶರೀಫನ ಉಮ್ಮನಿಗೆ ಸ್ವರ್ಣಲತಾ ತುಳುವಿನಲ್ಲಿ ಸುದ್ದಿ ಹೇಳಿದಳು. ಆ ಕಡೆಯಿಂದ ಬಂದದ್ದೆಲ್ಲ ಪ್ರಾರ್ಥನೆ.

ಸ್ವರ್ಣಲತಾ ಕಾಪುವಿನವಳು. ದೋಹಾದ ವಿಮೆ ಕಂಪನಿಯೊಂದರಲ್ಲಿ ಅಪಘಾತಗಳ ನಿಜಾಂಶ ಹುಡುಕುವ ಕೆಲಸ ಅವಳದು. ಸುಟ್ಟ ಗೋಡೌನು, ಮುರಿದ ಕ್ರೇನು, ಮಗುಚಿದ ಲಾರಿ ಇವೇ ಅವಳ ನಿತ್ಯದ ಪಾಡು. ಬಂದೂಕಿನ ಪ್ರಕರಣ ಇದೇ ಮೊದಲು. ಕ್ಲಬ್ಬಿನ ವಿಮೆ ಅವರ ಕಂಪನಿಯದೇ ಆದ್ದರಿಂದ ಈ ಫೈಲು ಅವಳ ಮೇಜಿಗೆ ಬಂದಿತ್ತು.

ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಪೊಲೀಸ್ ಕ್ಯಾಪ್ಟನ್ ಜಾಸಿಮ್ ಅವಳನ್ನು ಕಣ್ಣಿನಲ್ಲೇ ಕರೆದ. ಅವನ ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ, ಒಂದು ಪಕ್ಕ ಚಪ್ಪಟೆಯಾಗಿ ಬಾಗಿದ ತಾಮ್ರದ ತುಂಡು.

"ಟಾರ್ಗೆಟ್ ಕೆಳಗಿನ ಕಂದಕದ ಗೋಡೆಗೆ ತಾಗಿ ಚಿಮ್ಮಿ ಬಂದಿದೆ," ಎಂದ ಕ್ಯಾಪ್ಟನ್. "ನೇರ ಬಂದಿದ್ದರೆ ಈ ಹೊತ್ತು ನಾವು ಇಲ್ಲಿ ನಿಲ್ಲುತ್ತಿರಲಿಲ್ಲ. ಲ್ಯಾಬಿಗೆ ಹೋಗುತ್ತಿದ್ದೇನೆ. ನಾಳೆ ಮಧ್ಯಾಹ್ನ ಕ್ಲಬ್ಬಿಗೆ ಬನ್ನಿ. ಕಲ್ಮೇಶನನ್ನೂ ಕರೆತರುತ್ತೇನೆ."

"ನಿಮಗೆ ಇನ್ನೂ ಅವನ ಮೇಲೇ ಅನುಮಾನವೇ?"

"ನನಗೆ ಅನುಮಾನವಿಲ್ಲ ಮೇಡಂ. ಖಾಲಿ ತೋಟಾ ಅವನ ರೈಫಲ್ಲಿನೊಳಗೇ ಇತ್ತು. ಅದು ಅನುಮಾನವಲ್ಲ." ಡಬ್ಬಿಯನ್ನು ಜೇಬಿಗಿಳಿಸಿ ಲಿಫ್ಟಿನತ್ತ ನಡೆದ.

*

ಅಲ್ ವುಕೈರ್ ದಾಟಿ ಮರಳಿನ ಬಯಲಿಗಿಳಿದರೆ ಕ್ಲಬ್ಬು. ಹೊರಗೆ ಜನವರಿಯ ಗಾಳಿ ಬೀಸುತ್ತಿತ್ತು. ಗುಂಡು ಹಾರಿಸುವ ಕಟ್ಟೆಯ ಹಿಂದಿನ ಎಸಿ ಕೋಣೆಯಲ್ಲಿ ಕೋಚ್ ಮೈರಾ ಒಬ್ಬಳೇ ಕೂತು ಹಾಲಿನ ಚಹಾ ಕುಡಿಯುತ್ತಿದ್ದಳು. ಕಜಕಸ್ತಾನದವಳು, ಐವತ್ತರ ಆಚೀಚೆ. ಗಂಡಸರ ಹಾಗೆ ಕತ್ತರಿಸಿದ ಕೂದಲು. ಕಿಟಕಿಯಾಚೆ ಸಾವಿರ ಮೀಟರ್ ದೂರದಲ್ಲಿ ಟಾರ್ಗೆಟ್‌ಗಳ ಸಾಲು ಮಂಜಿನಂಥ ಧೂಳಿನಲ್ಲಿ ತೇಲುತ್ತಿತ್ತು. ಅದರ ಕೆಳಗಿನ ಕಂದಕದಲ್ಲೇ ಶರೀಫನ ಕೆಲಸ.

"ಬದುಕಿದ," ಎಂದಳು ಸ್ವರ್ಣಲತಾ, ಕೂರುವ ಮೊದಲೇ.

ಮೈರಾ ಕಪ್ಪನ್ನು ಕೆಳಗಿಟ್ಟು ಎರಡೂ ಕೈಗಳಿಂದ ಮುಖ ಉಜ್ಜಿಕೊಂಡಳು. ಕೈ ತೆಗೆದಾಗ ಮುಖದಿಂದ ಹತ್ತು ವರ್ಷ ಇಳಿದಂತಿತ್ತು.

"ನೀವು ಯಾವುದನ್ನು ಆರಿಸಬೇಕು ಅಂದುಕೊಂಡಿದ್ದಿರಿ?" ಸ್ವರ್ಣಲತಾ ಕೇಳಿದಳು. "ಕಾರ್ಖಾನೆಯದನ್ನೋ, ಕಲ್ಮೇಶ ಕಟ್ಟಿದ್ದನ್ನೋ?"

ಅಪಘಾತದ ದಿನ ನಡೆಯುತ್ತಿದ್ದದ್ದು ಅದೇ ಪರೀಕ್ಷೆ. ಕ್ಲಬ್ಬಿನ ತಂಡದ ಎಂಟು ಮಂದಿಗೆ ದೂರದ ಗುರಿಯ ರೈಫಲ್‌ಗಳು ಬೇಕಿದ್ದವು. ಒಂದು ಕಡೆ, ಮಂಗಳೂರಿನ ಹ್ಯೂಬರ್ಟ್ ತಂದ ಹೆಸರಾಂತ ಕಾರ್ಖಾನೆಯ ರೈಫಲ್. ಅವನು ಆ ಕಂಪನಿಯ ಇಲ್ಲಿನ ಏಜೆಂಟ್. ಇನ್ನೊಂದು ಕಡೆ, ಕ್ಲಬ್ಬಿನದೇ ವರ್ಕ್‌ಶಾಪಿನಲ್ಲಿ ಕಲ್ಮೇಶ ಭಾಗ ಭಾಗವಾಗಿ ಜೋಡಿಸಿ ಕಟ್ಟಿದ್ದು. ಎರಡರ ಗುಂಡಿನ ಅಳತೆಯೂ ಒಂದೇ.

"ಕಾರ್ಖಾನೆಯದನ್ನು ಪೆಟ್ಟಿಗೆಯಿಂದ ತೆಗೆದು ಅವತ್ತೇ ಶೂಟ್ ಮಾಡಬಹುದು," ಎಂದಳು ಮೈರಾ. "ಎಂಟು ತಂದರೆ ಎಂಟೂ ಒಂದೇ ಥರ. ಪಂದ್ಯದ ನಡುವೆ ಒಂದು ಕೆಟ್ಟರೆ ಕಪಾಟಿನಿಂದ ಇನ್ನೊಂದು. ಕಲ್ಮೇಶನದು ಹಾಗಲ್ಲ. ಅದು ನನ್ನ ಕೆನ್ನೆಗೆ, ತೋಳಿಗೆ ಅಳತೆ ತೆಗೆದು ಹೊಲಿದ ಕೋಟು. ಅಲ್ಲಿ, ಆ ದೂರದಲ್ಲಿ, ಅದರ ಗುಂಡುಗಳೆಲ್ಲ ಒಂದು ಖುಬೂಸ್ ರೊಟ್ಟಿಯೊಳಗೆ ಕೂತವು. ಹ್ಯೂಬರ್ಟನದು ಕಾರಿನ ಸ್ಟೀರಿಂಗ್‌ನಷ್ಟು ಜಾಗಕ್ಕೆ ಹರಡಿತು."

"ಹಾಗಾದರೆ ಕಲ್ಮೇಶನದನ್ನೇ ಆರಿಸಬಹುದಿತ್ತಲ್ಲ?"

"ಅವನು ರಜೆಗೆ ಊರಿಗೆ ಹೋದಾಗ ಸ್ಕ್ರೂ ಸಡಿಲವಾದರೆ ಯಾರನ್ನು ಕೇಳಲಿ? ಅದನ್ನು ಕಟ್ಟಲಿಕ್ಕೇ ಅವನಿಗೆ ಬೇಸಿಗೆ ಪೂರ್ತಿ ಬೇಕಾಯಿತು. ಎಂಟು ಕಟ್ಟುವಷ್ಟರಲ್ಲಿ ನನ್ನ ಹುಡುಗರು ಮುದುಕರಾಗುತ್ತಾರೆ." ಮೈರಾ ನಿಟ್ಟುಸಿರಿಟ್ಟಳು. "ನನಗೆ ತೀರ್ಮಾನ ಆಗಲಿಲ್ಲ. ಚಹಾಕ್ಕೆ ಎದ್ದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದು, ನೀವೇ ಹೇಳಿ ಅಂತ ಕ್ಲಬ್ಬಿನ ಚೇರ್ಮನ್ನರಿಗೆ ಕಳಿಸಿದೆ."

ಸ್ವರ್ಣಲತಾ ಮುಂದಕ್ಕೆ ಬಾಗಿದಳು.

"ಚಹಾಕ್ಕೆ ಎದ್ದಾಗ ಎಂದರೆ? ಶೂಟಿಂಗ್ ನಿಂತಿತೆಂಬ ಬಾವುಟ ಏರಿಸಿದ ಮೇಲೆಯೇ?"

"ಹೌದು. ಬಾವುಟ ಏರಿಸಿದೆವು, ಕಟ್ಟೆ ಬಿಟ್ಟೆವು, ನಾನು, ಕಲ್ಮೇಶ್, ಹ್ಯೂಬರ್ಟ್ ಮೂವರೂ ಈ ಕೋಣೆಗೆ ಬಂದೆವು. ಇಲ್ಲೇ ಕೂತಿದ್ದಾಗ ಸದ್ದು ಕೇಳಿಸಿತು. ಅದನ್ನು ಪೊಲೀಸರಿಗೆ ಹೇಳಿದ್ದೇನೆ."

"ಫೋಟೋ?"

"ಫೋಟೋ ಯಾರೂ ಕೇಳಲಿಲ್ಲ. ಅದು ಬರೀ ರೈಫಲ್‌ಗಳ ಫೋಟೋ."

"ತೋರಿಸಿ."

ಮೈರಾಳ ಮೊಬೈಲಿನಲ್ಲಿ ಎರಡು ರೈಫಲ್‌ಗಳು ಹಸಿರು ಚಾಪೆಯ ಮೇಲೆ ಅಕ್ಕಪಕ್ಕ ಮಲಗಿದ್ದವು. ಸ್ವರ್ಣಲತಾ ತನ್ನ ಮೊಬೈಲ್ ತೆಗೆದು, ಅಪಘಾತದ ಸಂಜೆ ತಾನು ಬಂದು ತೆಗೆದಿದ್ದ ಫೋಟೋವನ್ನು ಅದರ ಪಕ್ಕ ಇಟ್ಟಳು.

ಅದೇ ಚಾಪೆ, ಅವೇ ಎರಡು ರೈಫಲ್, ಪಕ್ಕದಲ್ಲಿ ಕಲ್ಮೇಶನ ಅದೇ ನೀಲಿ ಡಬ್ಬಿ. ಹಾರಿಸಿದ ಪ್ರತಿ ಗುಂಡಿನ ಖಾಲಿ ತೋಟಾವನ್ನೂ ಅವನು ಆ ಡಬ್ಬಿಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿ ಇಡುತ್ತಿದ್ದ.

ಅವಳು ಒಂದು ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೊಂದನ್ನೂ ಮಾಡಿದಳು. ಆಮೇಲೆ ಕುರ್ಚಿಗೆ ಒರಗಿ, ಬಹಳ ದಿನಗಳ ನಂತರ ಪೂರ್ತಿ ಉಸಿರೆಳೆದುಕೊಂಡಳು.

"ಮೈರಾ, ಇದನ್ನು ನನಗೆ ಕಳಿಸಿ. ಕ್ಯಾಪ್ಟನ್‌ಗೂ ಕಳಿಸಿ. ಬೇರೆ ಯಾರಿಗೂ ಹೇಳಬೇಡಿ."

*

ಮರುದಿನ ಅದೇ ಕೋಣೆ. ಕಲ್ಮೇಶನನ್ನು ಪೊಲೀಸ್ ಗಾಡಿಯಲ್ಲಿ ಕರೆತಂದಿದ್ದರು. ಮುಧೋಳ ಕಡೆಯ ಗಟ್ಟಿ ಆಳು, ಸೈನ್ಯದ ವರ್ಕ್‌ಶಾಪಿನಲ್ಲಿ ಬಂದೂಕು ಬಿಚ್ಚಿ ಕಟ್ಟಿ ಪಳಗಿದವನು. ಈಗ ಗಡ್ಡ ಬೆಳೆದು, ಅಂಗಿ ಹೆಗಲಿನಲ್ಲಿ ಸಡಿಲವಾಗಿ ತೂಗುತ್ತಿತ್ತು.

"ಶರೀಫ ಹೆಂಗದಾನ್ರೀ ಅಕ್ಕಾರ?" ಒಳಗೆ ಕಾಲಿಡುತ್ತಲೇ ಕೇಳಿದ.

"ಆರಾಮ್ ಇದ್ದಾನೆ. ನಿಮ್ಮ ಮನೆಯವರೇ ಹತ್ತಿರ ಕೂತಿದ್ದಾರೆ."

ಕಲ್ಮೇಶ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡ. "ಅಷ್ಟಾದ್ರ ಸಾಕ್ರೀ. ಇನ್ನ ನಂದೇನರ ಆಗಲಿ."

ಎದುರಿನ ಸೋಫಾದಲ್ಲಿ ಕೂತಿದ್ದ ಹ್ಯೂಬರ್ಟ್ ಎದ್ದು ಬಂದು ಅವನ ಭುಜ ತಟ್ಟಿದ. ಇಬ್ಬರೂ ಹಳೆಯ ಪರಿಚಯದವರು. ಮೊನ್ನೆ ಕ್ರಿಸ್ಮಸ್ಸಿಗೆ ಹ್ಯೂಬರ್ಟ್ ಮುಐದರ್‌ನಲ್ಲಿರುವ ಕಲ್ಮೇಶನ ಮನೆಗೆ ಹೋಗಿ ಹಬ್ಬದ ತಿಂಡಿ ಕುಸ್ವಾರಿನ ಡಬ್ಬಿ ಕೊಟ್ಟು, ಜೋಳದ ರೊಟ್ಟಿ ಉಂಡು ಬಂದಿದ್ದ.

"ಯಲ್ಲಾ, ಕೂತುಕೊಳ್ಳಿ," ಎಂದ ಕ್ಯಾಪ್ಟನ್ ಜಾಸಿಮ್. ಡಬ್ಬಿಯನ್ನು ಮೇಜಿನ ಮೇಲಿಟ್ಟ. "ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೆರೆಗಳಿರುತ್ತವೆ. ಗುಂಡು ಅವುಗಳ ಗುರುತು ಹೊತ್ತೇ ಹೊರಗೆ ಬರುತ್ತದೆ. ಕಲ್ಮೇಶ್, ನಿನ್ನ ನಳಿಗೆಯಲ್ಲಿ ಎಷ್ಟು ಗೆರೆ?"

"ಪಾಂಚ್, ಸಾಬ್," ಎಂದ ಕಲ್ಮೇಶ ಹಿಂದಿಯಲ್ಲಿ. ಆಮೇಲೆ ಸ್ವರ್ಣಲತಾಳ ಕಡೆ ತಿರುಗಿ, "ಐದ್ರೀ. ನಾ ಹಟಾ ಮಾಡಿ ಐದು ಗೆರಿ ನಳಿಗೀನ ತರಿಸಿದ್ದೆ" ಎಂದ.

"ಲ್ಯಾಬಿನಲ್ಲೂ ಐದೇ ಕಂಡಿತು. ಈ ಗುಂಡಿನ ಮೇಲೆ ನಾಲ್ಕು ಗುರುತಿವೆ."

ಹೊರಗೆ ಗಾಳಿಗೆ ಬಾವುಟದ ಹಗ್ಗ ಕಂಬಕ್ಕೆ ಬಡಿಯುವುದು ಕೇಳಿಸುತ್ತಿತ್ತು.

"ನಾಲ್ಕು?" ಕಲ್ಮೇಶ ಕೇಳಿದ.

"ನಾಲ್ಕು. ಖಲಾಸ್. ಇದು ನಿನ್ನ ರೈಫಲ್ಲಿನ ಗುಂಡಲ್ಲ."

ಕಲ್ಮೇಶ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವಂತೆ ನೋಡಿಕೊಂಡ. ಮೈರಾ ಎದ್ದು ಹೋಗಿ ಅವನ ಮುಂದೆ ನೀರಿನ ಬಾಟಲಿ ಇಟ್ಟಳು.

"ಒಂದ್ ವಾರಾತ್ರೀ ಅಕ್ಕಾರ," ಎಂದ ಕೊನೆಗೆ. "ನಾನs ಮಾಡೀನಂತ ನಾನs ನಂಬಿದ್ದೆ. ಟ್ರಿಗರ್ ಹಗೂರ ಮಾಡಿದ್ದು ತಪ್ಪಾತೇನು, ಒಳಗ ತೋಟಾ ಮರ್ತ್ ಬಿಟ್ಟೆನೇನು... ಕಣ್ಣು ಮುಚ್ಚಿದ್ರ ಸಾಕು, ಅದs."

"ಆದರೆ ಖಾಲಿ ತೋಟಾ ಸಿಕ್ಕಿದ್ದು ಅವನ ರೈಫಲ್ಲಿನಲ್ಲಿ ಅಲ್ವಾ?" ಹ್ಯೂಬರ್ಟ್ ನಡುವೆ ಬಾಯಿ ಹಾಕಿದ. ದನಿ ಬೇಕಾದ್ದಕ್ಕಿಂತ ಏರಿತ್ತು. "ಅದು ಹೇಗೆ ಬಂತು?"

"ಅದನ್ನೇ ನಾನೂ ಕೇಳಬೇಕೆಂದಿದ್ದೆ, ಹ್ಯೂಬರ್ಟಣ್ಣ," ಎಂದಳು ಸ್ವರ್ಣಲತಾ.

ಕ್ಯಾಪ್ಟನ್ ಅವಳತ್ತ ತಲೆಯಾಡಿಸಿದ. ಕೇಳು ಎಂಬಂತೆ.

ಅವಳು ಎರಡು ಮೊಬೈಲುಗಳನ್ನು ಹ್ಯೂಬರ್ಟನ ಮುಂದೆ ಅಕ್ಕಪಕ್ಕ ಇಟ್ಟಳು.

"ಇದು ಚಹಾಕ್ಕೆ ಏಳುವಾಗ ಮೈರಾ ತೆಗೆದದ್ದು. ಕಲ್ಮೇಶರ ರೈಫಲ್ಲಿನಲ್ಲಿ ತೋಟಾ ತುಂಬುವ ಬೋಲ್ಟು ಹಿಂದೆ ಎಳೆದಿದೆ, ಒಳಗೆ ಖಾಲಿ. ನಿಮ್ಮ ರೈಫಲ್ಲಿನ ಬೋಲ್ಟು ಮುಚ್ಚಿದೆ. ಇದು ಸಂಜೆ ನಾನು ತೆಗೆದದ್ದು. ಈಗ ಅವರದು ಮುಚ್ಚಿದೆ, ನಿಮ್ಮದು ತೆರೆದಿದೆ."

ಹ್ಯೂಬರ್ಟ್ ಫೋಟೋಗಳನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡಿದ.

"ಇನ್ನೊಂದು. ಅವರ ನೀಲಿ ಡಬ್ಬಿ ನೋಡಿ. ಮೊದಲಿನ ಫೋಟೋದಲ್ಲಿ ಮುಂದಿನ ಸಾಲು ತುಂಬಿದೆ. ಎರಡನೆಯದರಲ್ಲಿ ಅದೇ ಸಾಲಿನಲ್ಲಿ ಒಂದು ತೂತು ಬರಿದು. ಆ ತೋಟಾ ತನ್ನಷ್ಟಕ್ಕೆ ಎದ್ದು ಹೋಗಿ ರೈಫಲ್ಲಿನೊಳಗೆ ಮಲಗಿತಾ?"

"ಪೊಲೀಸರು ಮುಟ್ಟಿರಬಹುದು..."

"ಸದ್ದು ಕೇಳಿ ಈ ಕೋಣೆಯಿಂದ ಮೊದಲು ಓಡಿದವರು ಯಾರು?"

"ಎಲ್ಲರೂ ಓಡಿದ್ದು."

"ಇಲ್ಲ," ಎಂದಳು ಮೈರಾ. "ನಾನು ಮತ್ತು ಕಲ್ಮೇಶ್ ಕಂದಕದ ಕಡೆ ಹೋಗಲು ಜೀಪಿಗೆ ಓಡಿದೆವು. ಕಟ್ಟೆಯ ಕಡೆ ಹೋದದ್ದು ನೀನೊಬ್ಬನೇ, ಹ್ಯೂಬರ್ಟ್."

ಹ್ಯೂಬರ್ಟ್ ಕನ್ನಡಕ ತೆಗೆದ. ಒರೆಸಲು ಅಂಗಿಯ ಅಂಚು ಹಿಡಿದು, ಒರೆಸದೆ ಹಾಗೇ ಬಿಟ್ಟ. ಅವನ ಮುಖ ನೋಡನೋಡುತ್ತಿದ್ದಂತೆ ಮುದುಡಿತು.

"ನಾನು ಮಾಡಬೇಕು ಅಂತ ಮಾಡಿದ್ದಲ್ಲ ಮಾರಾಯ್ತಿ," ಎಂದ ಮೆಲ್ಲಗೆ. "ದೇವರಾಣೆಗೂ ಅಲ್ಲ. ಓಡಿ ಹೋಗಿ ನೋಡ್ತೇನೆ, ನನ್ನ ರೈಫಲ್ಲಿನ ಬೋಲ್ಟು ಮುಚ್ಚಿ ಉಂಟು. ನಾನು ತೆರೆದು ಇಡ್ಲಿಕ್ಕೆ ಮರೆತಿದ್ದೆ. ಎಳೆದು ನೋಡಿದ್ರೆ ಒಳಗೆ ಖಾಲಿ ತೋಟಾ. ಗುಂಡು ಉಳಿದಿತ್ತು, ಅದೇ ಹಾರಿದೆ, ನಾನೇ ಒಬ್ಬನನ್ನು ಕೊಂದೆ ಅಂತ ಗ್ರಹಿಸಿದೆ."

"ಆಮೇಲೆ?" ಅವನ ಮಾತನ್ನು ಕ್ಯಾಪ್ಟನ್‌ಗೂ ಮೈರಾಳಿಗೂ ಇಂಗ್ಲಿಷಿನಲ್ಲಿ ಹೇಳುತ್ತ ಸ್ವರ್ಣಲತಾ ಕೇಳಿದಳು.

"ಆ ತೋಟಾ ಕಿಸೆಗೆ ಹಾಕಿದೆ. ಇವನ ಡಬ್ಬಿಯಿಂದ ಒಂದು ತೆಗೆದು ಇವನ ರೈಫಲ್ಲಿಗೆ ಹಾಕಿ ಬೋಲ್ಟು ಮುಚ್ಚಿದೆ." ಅವನು ಕಲ್ಮೇಶನ ಕಡೆ ನೋಡಲು ಹೋಗಿ ಆಗದೆ ತಲೆ ತಗ್ಗಿಸಿದ. "ಕಂಪನಿ ರೈಫಲ್ ತನ್ನಷ್ಟಕ್ಕೆ ಹಾರಿತು ಅಂದ್ರೆ ಯಾರೂ ನಂಬುದಿಲ್ಲ. ಕೈಯಲ್ಲಿ ಕಟ್ಟಿದ್ದು ಹಾರಿತು ಅಂದ್ರೆ ಎಲ್ಲರೂ ನಂಬ್ತಾರೆ. ಆ ಗಳಿಗೆಗೆ ಅಷ್ಟೇ ಹೊಳೆದದ್ದು."

ಕಲ್ಮೇಶ ಎದ್ದು ನಿಂತ. ಕ್ಯಾಪ್ಟನ್ ತಡೆಯಲು ಕೈ ಎತ್ತಿದ. ಆದರೆ ಕಲ್ಮೇಶ ಹೊಡೆಯಲಿಲ್ಲ, ಕೂಗಲೂ ಇಲ್ಲ.

"ನನ್ನ ಹೇಂತಿ ನಿಮಗ ಫೋನ್ ಮಾಡಿ ಅತ್ತಾಳ್ರೀ," ಎಂದ. "ಹ್ಯೂಬರ್ಟ್ ಸರ್, ನಮ್ಮವ್ರನ್ನ ಬಿಡಸ್ರೀ, ನೀವು ದೊಡ್ಡವ್ರು ಅಂತ. ಆಗೇನಂದ್ರಿ ನೀವು?"

ಹ್ಯೂಬರ್ಟ್ ಕನ್ನಡಕವನ್ನು ಮೇಜಿನ ಮೇಲಿಟ್ಟ.

"ನೋಡೋಣು ಅಂದ್ರಿ," ಎಂದು ಕಲ್ಮೇಶನೇ ಹೇಳಿ ಕೂತುಕೊಂಡ.

ಸ್ವರ್ಣಲತಾಳಿಗೆ ಗೆದ್ದ ಖುಷಿ ಆಗಲಿಲ್ಲ. ಅವಳ ಮುಂದಿದ್ದವನು ಗಾಬರಿಯಲ್ಲಿ ಕೆಟ್ಟ ಕೆಲಸ ಮಾಡಿ, ಆ ಗಾಬರಿಯೊಳಗೇ ಒಂದು ವಾರ ಕೊಳೆತಿದ್ದ ಮನುಷ್ಯ. ಆದರೂ ಒಂದು ಮಾತು ಕೇಳಬೇಕಿತ್ತು.

"ಅಂದರೆ ಹಾರಿದ್ದು ನಿಮ್ಮ ರೈಫಲ್ಲೇ?"

"ಮತ್ತೆಂತ? ನಾಲ್ಕು ಗೆರೆ ನನ್ನದಕ್ಕೇ ಇರುದು."

"ಅಲ್ಲ," ಎಂದ ಕ್ಯಾಪ್ಟನ್.

ಎಲ್ಲರೂ ಅವನತ್ತ ತಿರುಗಿದರು. ಅವನು ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತಿದ್ದ.

"ನಿನ್ನ ಬಾಯಿಂದ ಪೂರ್ತಿ ಬರಲಿ ಎಂದು ಕಾದೆ. ನಿನ್ನೆ ಲ್ಯಾಬಿನವರು ನಿನ್ನ ರೈಫಲ್ಲಿನಿಂದಲೂ ಗುಂಡು ಹಾರಿಸಿ ನೋಡಿದ್ದಾರೆ. ನಾಲ್ಕು ಗೆರೆ, ಅದೇ ಅಗಲ, ಅದೇ ತಿರುವು. ಆದರೆ ಪ್ರತಿ ನಳಿಗೆಗೂ ಅದರದೇ ಸಣ್ಣ ಗೀರುಗಳಿರುತ್ತವೆ. ಅವು ಕೂಡಲಿಲ್ಲ. ಶರೀಫನಿಗೆ ತಾಗಿದ್ದು ನಿನ್ನ ಗುಂಡೂ ಅಲ್ಲ. ನಿನ್ನ ರೈಫಲ್ಲಿನಲ್ಲಿದ್ದ ಖಾಲಿ ತೋಟಾ ಅವತ್ತು ಬೆಳಗ್ಗೆ ನೀನೇ ಹಾರಿಸಿ, ಹೊರಗೆ ತೆಗೆಯದೆ ಬಿಟ್ಟದ್ದು."

ಹ್ಯೂಬರ್ಟನಿಗೆ ಆ ಮಾತು ಒಳಗಿಳಿಯಲು ಸಮಯ ಹಿಡಿಯಿತು. ಇಳಿದ ಮೇಲೆ ಅವನು ನಕ್ಕನೋ ಅತ್ತನೋ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದವು. ಶಿಲುಬೆಯ ಗುರುತು ಮಾಡಿಕೊಂಡು, ಮುಖ ಮುಚ್ಚಿಕೊಂಡು, ಮಗುವಿನ ಹಾಗೆ ಬಿಕ್ಕಿದ. "ನಾನು ಕೊಲ್ಲಲಿಲ್ಲ, ನಾನು ಅಲ್ಲ," ಎಂದು ಕೊಂಕಣಿಯಲ್ಲಿ ತನಗೆ ತಾನೇ ಹೇಳಿಕೊಂಡ.

"ಸಾಕ್ಷ್ಯ ಮುಟ್ಟಿದ್ದಕ್ಕೆ ನೀನು ಉತ್ತರ ಕೊಡಬೇಕಾಗುತ್ತದೆ," ಎಂದ ಕ್ಯಾಪ್ಟನ್, ಆದರೆ ಗದರದೆ. "ನನ್ನ ಜೊತೆ ಬಾ."

ಬಾಗಿಲ ಬಳಿ ನಿಂತು ಅವನು ಸ್ವರ್ಣಲತಾಳಿಗೆ ಮಾತ್ರ ಕೇಳುವಂತೆ ಹೇಳಿದ. "ಕಲ್ಮೇಶ್ ಕಟ್ಟಿದಂಥದ್ದು ಜಗತ್ತಿನಲ್ಲಿ ಒಂದೇ ಇದೆ. ಅದು ಅವನ ಪುಣ್ಯ. ಹ್ಯೂಬರ್ಟನದರಂಥವು ಸಾವಿರಾರು ಇವೆ. ಅವುಗಳಲ್ಲಿ ಒಂದು, ಅವತ್ತು ಈ ಬಯಲಿನಲ್ಲಿ ಎಲ್ಲೋ ಇತ್ತು. ಇಷ್ಟು ದಿನ ಅಪಘಾತ ಎಂದುಕೊಂಡು ನಾನು ಕಟ್ಟೆಯನ್ನೇ ನೋಡಿದೆ ಮೇಡಂ. ಬಯಲನ್ನು ನೋಡಲಿಲ್ಲ."

*

ಹೊರಗೆ ಬಿಸಿಲು ಹಿತವಾಗಿತ್ತು. ಕಲ್ಮೇಶ ಕಟ್ಟೆಯ ಅಂಚಿಗೆ ಕೂತು ಸ್ವರ್ಣಲತಾಳ ಫೋನಿನಿಂದ ಹೆಂಡತಿಗೆ ಮಾತಾಡಿದ.

"ಬಿಟ್ರಲೇ... ಹೌದ, ಖರೇನ... ಅಳಬ್ಯಾಡ... ನೀ ಅಳಬ್ಯಾಡಂದ್ರ..." ಎನ್ನುತ್ತ ತಾನೇ ಅಳುತ್ತಿದ್ದ. ಸ್ವರ್ಣಲತಾ ಅತ್ತ ತಿರುಗಿ ನಿಂತು ಮರಳು ನೋಡಿದಳು. ತನ್ನ ಕಣ್ಣೂ ಒದ್ದೆಯಾದದ್ದಕ್ಕೆ ಗಾಳಿಯ ಮೇಲೆ ತಪ್ಪು ಹೊರಿಸಬಹುದಿತ್ತು.

ಮೈರಾ ಬಂದು ಅವನ ಪಕ್ಕ ಕೂತಳು. "ಕಲ್ಮೇಶ್, ಈಗಲಾದರೂ ಹೇಳು. ಚೇರ್ಮನ್ ಮತ್ತೆ ಕೇಳುತ್ತಿದ್ದಾರೆ. ಯಾವುದನ್ನು ಆರಿಸಲಿ? ನೀನು ಹೇಳಿದ್ದೇ ಆಗಲಿ."

ಸ್ವರ್ಣಲತಾ ಅನುವಾದಿಸಿದಳು. ಕಲ್ಮೇಶ ಮೂಗು ಒರೆಸಿಕೊಂಡು ದೂರದ ಟಾರ್ಗೆಟ್ ಕಡೆ ನೋಡಿದ.

"ಹುಡುಗೂರಿಗೆ ಫ್ಯಾಕ್ಟರೀದs ತಗೋ ಅಂತ ಹೇಳ್ರಿ ಅಕ್ಕಾರ."

"ನಿಮ್ಮದು ಚೆನ್ನಾಗಿ ಹೊಡೆಯಿತು ಅಂತ ಅವರೇ ಹೇಳಿದ್ದಾರಲ್ಲ."

"ಹೊಡೀತು, ಖರೆ. ಆದ್ರ ಕಂಪನೀದು ಕೆಟ್ರ ಕಂಪನಿ ಉತ್ತರ ಕೊಡತೈತ್ರಿ. ನಾ ಕಟ್ಟಿದ್ದು ಕೆಟ್ರ ನಾನs ಉತ್ತರ. ಒಂದು ಬಂದೂಕಿಗೆ ಉತ್ತರ ಕೊಡಾಕ ಒಂದು ವಾರ ಒಳಗ ಕುಂತೆ. ಎಂಟಕ್ಕ ನನ್ನ ಕಡೆ ಎದಿ ಇಲ್ರಿ." ಒಂದು ಕ್ಷಣ ತಡೆದ. "ನಂದು ಮೈರಾ ಮೇಡಂ ಕಡೇನ ಇರಲಿ. ಅಕಿ ಕೆನ್ನಿಗೆ ಕಟ್ಟಿದ್ದದು, ಬ್ಯಾರೆಯವ್ರಿಗೆ ಕೂಡೂದಿಲ್ಲ."

ಮೈರಾ ಅನುವಾದ ಕೇಳಿ ಗಟ್ಟಿಯಾಗಿ ನಕ್ಕಳು. ತಿಂಗಳುಗಟ್ಟಲೆ ಹೊತ್ತಿದ್ದ ಭಾರವನ್ನು ಯಾರೋ ಇಳಿಸಿಕೊಂಡ ಹಾಗೆ. ಅಲ್ಲೇ ಕೂತು ಚೇರ್ಮನ್ನರಿಗೆ ಮೆಸೇಜು ಹಾಕಿದಳು.

*

ಆಸ್ಪತ್ರೆಯ ವಾರ್ಡಿನಲ್ಲಿ ಸೌಂದರ್ಯಾ ಗಂಡನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಅವನ ಗಡ್ಡ ಮುಟ್ಟಿ ನೋಡಿದಳು, ಅಷ್ಟೇ.

ಮಂಚದ ಮೇಲೆ, ಭುಜಕ್ಕೆಲ್ಲ ಬ್ಯಾಂಡೇಜು ಸುತ್ತಿಕೊಂಡ ಶರೀಫ್ ಕ್ಷೀಣವಾಗಿ ನಕ್ಕ. "ಕಲ್ಮೇಶಣ್ಣ, ನಿಮ್ಮ ಮನೆಯವರ ಒಂದು ಲೋಟ ಗಂಜಿಗೇ ನಾನು ದಪ್ಪ ಆಗಿದ್ದೇನೆ. ನೀವು ನೋಡಿದ್ರೆ ಒಣಗಿದ್ದೀರಿ."

ಕಲ್ಮೇಶ ಅವನ ಪಾದ ಹಿಡಿದುಕೊಂಡು ತಲೆ ಅಲ್ಲಾಡಿಸಿದ. "ನಂದಲ್ಲಂತಪ್ಪ ಗುಂಡು. ನಂದಲ್ಲಂತ."

"ಗೊತ್ತಾಯ್ತು. ಭಾಬಿ ಹೇಳಿದ್ರು. ನಿಮ್ಮದು ಅಂತ ನಂಗೆ ಯಾವತ್ತೂ ಅನ್ನಿಸಲಿಲ್ಲ."

ಡ್ರಿಪ್ ಬದಲಿಸುತ್ತಿದ್ದ ನರ್ಸ್ ಫ್ರೀಡಾ ನಗುತ್ತ, "ಹೆಚ್ಚು ಮಾತಾಡಿಸ್ಬೇಡಿ ಮಾರಾಯ್ರೇ, ಡಾಕ್ಟ್ರು ನನಗೆ ಬೈತಾರೆ" ಎಂದಳು. ಅವಳೂ ಉಡುಪಿ ಕಡೆಯವಳು. ಕೋಣೆಯಲ್ಲಿ ಹಬ್ಬದ ಮನೆಯ ಗದ್ದಲವಿತ್ತು. ಸ್ವರ್ಣಲತಾ ಕಿಟಕಿಯ ಕಟ್ಟೆಗೆ ಒರಗಿ ಅದನ್ನು ನೋಡುತ್ತ ನಿಂತಳು. ಇವತ್ತಿಗೆ ಇಷ್ಟು ಸಾಕು, ಉಳಿದದ್ದು ನಾಳೆಗಿರಲಿ ಎಂದುಕೊಂಡಳು.

ಆದರೂ ಒಂದು ಪ್ರಶ್ನೆ ಬಾಯಿಂದ ಹೊರಟೇಬಿಟ್ಟಿತು.

"ಶರೀಫ್, ಕಂದಕದೊಳಗೆ ಇದ್ದರೆ ಯಾವ ಗುಂಡೂ ತಾಗುವುದಿಲ್ಲವಂತಲ್ಲ. ನೀನು ಮೇಲೆ ಯಾಕೆ ಹತ್ತಿದೆ? ಟಾರ್ಗೆಟ್ ಬದಲಿಸಲಿಕ್ಕಾ?"

"ಅಲ್ಲ ಅಕ್ಕ. ಟಾರ್ಗೆಟ್ ಒಳಗಿಂದಲೇ ಇಳಿಸಲಿಕ್ಕೆ ಆಗ್ತದೆ." ಅವನು ತುಟಿ ಒದ್ದೆ ಮಾಡಿಕೊಂಡ. "ವಾಕಿಟಾಕಿಯಲ್ಲಿ ಕರೆದ್ರು. ಶೂಟಿಂಗ್ ನಿಂತಿದೆ, ಬಾವುಟ ಏರಿಸಿದ್ದೇವೆ, ಮೇಲೆ ಬಂದು ನಿಲ್ಲು ಅಂತ."

ಕಲ್ಮೇಶ ಥಟ್ಟನೆ ತಲೆಯೆತ್ತಿದ. "ಯಾರು ಕರೆದ್ರು? ನಾವ್ ಮೂರೂ ಮಂದಿ ಚಾ ಕುಡ್ಯಾಕತ್ತಿದ್ವಿ. ವಾಕಿಟಾಕಿ ಮುಟ್ಟೇ ಇಲ್ಲ."

"ಅದೇ ನಂಗೂ ಆಶ್ಚರ್ಯ. ಕರೆದದ್ದು ಬ್ಯಾರಿ ಭಾಷೆಯಲ್ಲಿ. ಕ್ಲಬ್ಬಿನಲ್ಲಿ ಬ್ಯಾರಿ ಬರುವವ ನಾನೊಬ್ಬನೇ. ನಮ್ಮ ಊರಿನವರು ಯಾರೋ ಹೊಸದಾಗಿ ಸೇರಿದ್ದಾರೆ ಅಂತ ಖುಷಿಯಲ್ಲಿ ಎದ್ದು ನಿಂತೆ."

ಸ್ವರ್ಣಲತಾ ಕಿಟಕಿ ಬಿಟ್ಟು ಮಂಚದ ಹತ್ತಿರ ಬಂದಳು.

"ಆ ಸ್ವರ ಮತ್ತೆ ಕೇಳಿದರೆ ಗುರುತು ಹಿಡೀತೀಯಾ?" ಸ್ವರ್ಣಲತಾ ಮೆಲ್ಲಗೆ ಕೇಳಿದಳು.

"ಕೇಳಿದ್ದೇನಲ್ಲ ಅಕ್ಕ. ಇಲ್ಲೇ. ಬೆಳಗ್ಗೆ ಮಂಪರಿನಲ್ಲಿ ಇದ್ದೆ, ಕಣ್ಣು ಬಿಡಲಿಕ್ಕೆ ಆಗ್ತಾ ಇರಲಿಲ್ಲ. ಅದೇ ಸ್ವರ ನನ್ನ ತಲೆಯ ಹತ್ತಿರ ಕೇಳಿತು. ಇವನಿಗೆ ಮಾತಾಡಲಿಕ್ಕೆ ಯಾವಾಗ ಆಗ್ತದೆ ಅಂತ ಸಿಸ್ಟರ್ ಹತ್ತಿರ ಕೇಳ್ತಾ ಇತ್ತು. ಕನಸು ಅಂತ ಗ್ರಹಿಸಿದೆ."

ಫ್ರೀಡಾ ಡ್ರಿಪ್ಪಿನ ನಳಿ ಬಿಟ್ಟು ಇತ್ತ ತಿರುಗಿದಳು. "ಅದು ಕನಸಲ್ಲ, ನಿಮ್ಮ ಅಣ್ಣ ಅಲ್ವಾ? ಅಣ್ಣ ಅಂತ ಹೇಳಿಯೇ ಒಳಗೆ ಬಂದದ್ದು."

"ನಂಗೆ ಅಣ್ಣ ಇಲ್ಲ ಸಿಸ್ಟರ್. ಉಮ್ಮನಿಗೆ ನಾನೊಬ್ಬನೇ."

ಸೌಂದರ್ಯಾ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಂಚದ ಪಕ್ಕದ ಖಾಲಿ ಕುರ್ಚಿಯ ಮೇಲೆ ಅವಳ ಕಣ್ಣು ನೆಟ್ಟಿತ್ತು.

"ಅಕ್ಕಾರ," ಎಂದಳು. "ಅಣ್ಣ ಅಂದ್ಕೊಂಡು ಬಂದವ್ರು ಮುಂಜಾನಿಂದ ಇಲ್ಲೇ ಕುಂತಿದ್ರು. ನೀವು ಬರೋಕಿಂತ ಸ್ವಲ್ಪ ಮೊದ್ಲ, ಶರೀಫ ಕಣ್ಣು ಬಿಡೂ ಹೊತ್ತಿಗೆ, ಅವ್ಗ ಜ್ಯೂಸ್ ತರ್ತೀನಂತ ಕೆಳಗ ಹೋಗ್ಯಾರ."

ಹೊರಗೆ ಕಾರಿಡಾರಿನಲ್ಲಿ ಲಿಫ್ಟಿನ ಗಂಟೆ ಹೊಡೆಯಿತು. ಬಾಗಿಲು ಸರಿದು, ಯಾರೋ ನಿಧಾನವಾಗಿ ವಾರ್ಡಿನತ್ತ ನಡೆದು ಬರುವ ಹೆಜ್ಜೆ ಸದ್ದು ಕೇಳಿಸಿತು.